ಚಾಡಿ ಹೇಳಿದ ಚಹಾ ಕಪ್‌ಗಳು

ಮೊದಲು ನೋವು ಬಂದದ್ದು ರೊಟ್ಟಿ ಬಡಿಯುವಾಗ.

ಶ್ರಾವಣದ ಒಂದು ಸೋಮವಾರ. ಬೆನ್ನಿನ ನಡುಮಧ್ಯೆ, ಕುಪ್ಪಸದ ಅಂಚು ಮುಗಿಯುವಲ್ಲಿ, ಯಾರೋ ಹೆಬ್ಬೆರಳು ಊರಿ ಒತ್ತಿ ಹಿಡಿದ ಹಾಗೆ. ನಾನು ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಮುದ್ದೇಬಿಹಾಳದಿಂದ ಮದುವೆಯಾಗಿ ಸಿಂದಗಿಗೆ ಬಂದ ಮೇಲೆ ಇಪ್ಪತ್ತಮೂರು ವರ್ಷ ಎರಡು ಹೊತ್ತು ಜೋಳದ ರೊಟ್ಟಿ ಬಡಿದ ಬೆನ್ನು. ನೋಯದೆ ಇನ್ನೇನು ಹಾಡು ಹೇಳೀತೇ? ಅತ್ತೆ ಕುಸುಬಿ ಎಣ್ಣೆ ಬಿಸಿ ಮಾಡಿ ಹಚ್ಚಿದರು. ಮೆಡಿಕಲ್ ಶಾಪಿನವನು ಗುಳಿಗೆ ಕೊಟ್ಟ. ನೋವು ಹಗಲು ಹೋಗಿ ಸಂಜೆ ಬರುತ್ತಿತ್ತು, ಜೊತೆಗೆ ಸಣ್ಣ ಜ್ವರವನ್ನೂ ಕರೆದುಕೊಂಡು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಓಣಿಯ ಹೆಂಗಸರು, "ತೆಳ್ಳಗ ಆಗೀರಿ, ಏನ್ ಚೊಲೋ ಕಾಣಾಕತ್ತೀರಿ! ಏನ್ ತಿಂತೀರಿ, ನಮಗೂ ಹೇಳ್ರಿ" ಎಂದರು. ನಾನೂ ಹುಚ್ಚಿ, ಸ್ವಲ್ಪ ಹಿಗ್ಗಿದೆ.

ದಸರೆ ಮುಗಿದ ಮೇಲೆ ಒಂದು ದಿನ ಮಠಕ್ಕೆ ಹೋಗಿ ಮನೆಗೆ ಬಂದೆ. ಅತ್ತೆ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕಾಲು ನೋಡಿದರು.

"ಇನ್ನೊಂದ ಚಪ್ಲಿ ಎಲ್ಲಿ ಬಿಟ್ಟ ಬಂದಿ, ಶಾಂತವ್ವ?"

ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಅದು ಹಿಟ್ಟಿನ ಗಿರಣಿಯ ತಿರುವಿನಲ್ಲಿ ಬಿದ್ದಿತ್ತು. ಅಲ್ಲಿಂದ ನಮ್ಮ ಮನೆಗೆ ಒಂದು ಓಣಿಯ ದೂರ. ಕಲ್ಲು, ಮುಳ್ಳು, ಬಿಸಿ ಮಣ್ಣು. ಅಷ್ಟೂ ದಾರಿ ಬರಿಗಾಲಲ್ಲಿ ನಡೆದವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಮರುದಿನವೇ ನಮ್ಮ ಯಜಮಾನರು ವಿಜಯಪುರಕ್ಕೆ ಕರೆದುಕೊಂಡು ಹೋದರು. ಎಕ್ಸ್-ರೇ, ರಕ್ತ, ಎಂಆರ್‌ಐ. ಆ ಕೊಳವೆಯೊಳಗೆ ಮಲಗಿ ಗುಡುಗುಡು ಸದ್ದು ಕೇಳುತ್ತ ಶಿವನಾಮ ಜಪಿಸಿದೆ. ಆ ಸದ್ದಿನಲ್ಲಿ ಶಿವನಿಗೆ ಕೇಳಿಸಿತೋ ಇಲ್ಲವೋ. ಬೆನ್ನಿಗೆ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಎಲ್ಲ ಬಂದ ಮೇಲೆ ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದರು.

"ಸ್ಪೈನ್ ಟಿಬಿ ಐತ್ರಿ. ಬೆನ್ನೆಲುಬಿನ ಎರಡು ಮಣಿ ತಿಂದೈತಿ."

"ಟಿಬಿ ಅಂದ್ರ ಕೆಮ್ಮ ಬೇಕಲ್ರಿ? ನನಗ ಕೆಮ್ಮೇ ಇಲ್ಲಲ್ರಿ" ಎಂದೆ, ಅವರ ತಪ್ಪು ಹಿಡಿದವಳ ಹಾಗೆ.

ಅವರು ನಗಲಿಲ್ಲ. ನನ್ನ ಅಂಗಾಲಿಗೆ ತಮ್ಮ ಅಂಗೈ ಒತ್ತಿ "ನೂಕ್ರಿ" ಎಂದರು. ನೂಕಿದೆ. ಬಲಗಾಲಿನ ಪವರ್ ಐದಕ್ಕೆ ಐದು ಎಂದು ಬರೆದುಕೊಂಡರು. ಎಡಗಾಲಿಗೆ ನಾಲ್ಕು.

"ಗುಳಿಗಿ ಒಂದ ವರ್ಷರ ಬೇಕು. ಮೊದಲ ಮೂರ ತಿಂಗಳ ಬೆಡ್ ರೆಸ್ಟ್. ಬೆಡ್ ರೆಸ್ಟ್ ಅಂದ್ರ ಮಲಗೂದು. ಏಳೂದಲ್ಲ, ಕೂಡೂದಲ್ಲ. ಊಟಾನೂ ಮಲಗೇ. ನರದ ಮ್ಯಾಲ ಒತ್ತ ಬಿದ್ದೈತಿ. ಗುಳಿಗಿ ಕೆಲಸ ಮಾಡಿ ಒತ್ತ ಇಳದ್ರ ಚೊಲೋ. ಪವರ್ ಕಡಿಮಿ ಆಕ್ಕೋಂತ ಹೋದ್ರ ಆಪರೇಷನ್ ಮಾಡಿ ರಾಡ್ ಹಾಕಬೇಕು. ಅದಕ್ಕೂ ತಡಾ ಆದ್ರ ಕಾಲ ತಿರುಗಿ ಬರ್ತಾವಂತ ನಾ ಮಾತ ಕೊಡಾಂಗಿಲ್ಲ."

ತಿರುಗಿ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿದ್ದರು. ದೇವರ ಹಿಪ್ಪರಗಿ ದಾಟಿ ಸಿಂದಗಿಗೆ ಬರಬೇಕು. ಆ ರಸ್ತೆಯಲ್ಲಿ ಎಷ್ಟು ಹಂಪ್ ಇವೆಯೆಂದು ನಮ್ಮ ಶಾಸಕರಿಗೆ ಗೊತ್ತಿಲ್ಲದಿರಬಹುದು, ನನ್ನ ಬೆನ್ನಿಗೆ ಗೊತ್ತು.

ಮೂಡಣ ಕಿಟಕಿ ಇರುವ ಕೋಣೆಯಲ್ಲಿ ನನ್ನ ಮಂಚ ಬಿತ್ತು. ಪಕ್ಕದಲ್ಲಿ ನನ್ನ ಹಳೆಯ ಹೊಲಿಗೆ ಮಷೀನು. ನಡುಪಟ್ಟಿಯಂಥ ದಪ್ಪ ಬೆಲ್ಟು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಗುಳಿಗೆ. ಸರಕಾರಿ ದವಾಖಾನೆಯಿಂದ ಬರುತ್ತಿದ್ದವು, ಶಿವನ ದಯೆ. ಗುಳಿಗೆ ನುಂಗಿದ ಮೊದಲ ದಿನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು. ಅತ್ತೆ ಬೆಡ್‌ಪ್ಯಾನ್ ನೋಡಿ "ರಕ್ತ ಹೊಂಟೈತ್ರ್ಯೋ!" ಎಂದು ಓಣಿ ಕೂಡಿಸಿದರು. ಅದು ಗುಳಿಗೆಯ ಬಣ್ಣ ಎಂದು ಆಶಾ ಕಾರ್ಯಕರ್ತೆ ಬಂದು ಹೇಳುವಷ್ಟರಲ್ಲಿ ನನ್ನ ಮೂತ್ರದ ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಈ ರೋಗ ಎಲುಬಿನಲ್ಲಿದೆ, ಶ್ವಾಸಕೋಶದಲ್ಲಿಲ್ಲ, ಯಾರಿಗೂ ಹತ್ತುವುದಿಲ್ಲ ಎಂದೂ ಆಕೆ ಹೇಳಿದಳು. ಅತ್ತೆ "ನನಗ ಗೊತ್ತೈತಿ ಬಿಡವಾ" ಎಂದರು. ನನ್ನ ಲೋಟ ಮಾತ್ರ ಬೇರೆಯೇ ಉಳಿಯಿತು.

ಮಲಗಿದವಳಿಗೆ ಬುದ್ಧಿ ಹೇಳುವುದು ಎಲ್ಲರಿಗೂ ಸಲೀಸು. ನೋಡಲು ಬಂದವರೆಲ್ಲ ನನ್ನ ತಲೆಯ ಮೇಲಿಂದ ನನ್ನ ಬಗ್ಗೆಯೇ ಮಾತಾಡಿಕೊಂಡರು. ನಾನು ಜಂತಿ ನೋಡುತ್ತ ಬಿದ್ದಿದ್ದೆ. ಬಾಯಿ ತುಂಬ ಬಯ್ಯಬೇಕೆನ್ನಿಸುತ್ತಿತ್ತು, ಆದರೆ ಮಲಗಿ ಬಯ್ದರೆ ಬೈಗುಳಕ್ಕೆ ತೂಕವೇ ಬರುವುದಿಲ್ಲ.

ಇಂಥದ್ದರಲ್ಲಿ ಹೂವಿನ ಬೀಜ ಮನೆಯೊಳಗೆ ಬಂತು.

ಮಗಳು ಅಕ್ಷತಾ ವಿಜಯಪುರದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಾಳೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ದೀಪಾವಳಿ ಕಳೆದು ಎರಡನೇ ಶನಿವಾರ ಕೈಯಲ್ಲೊಂದು ಚೀಲ ಹಿಡಿದು ಬಂದಳು.

"ಅವ್ವಾ, ಹೂವಿನ ಸಸಿ ಮಾಡೂಣು. ಮನಿ ಒಳಗ, ಬೀಜದಿಂದ."

"ಯಾಕ, ಅಂಗಳಕ್ಕ ಏನ್ ಧಾಡಿ ಆಗೈತಿ?"

"ಅಂಗಳದಾಗ ನೀ ಇಲ್ಲಲ್ಲ."

ಮೊಬೈಲನ್ನು ನನ್ನ ಮೂಗಿನ ಮೇಲೆ ಹಿಡಿದು ವಿಡಿಯೋ ತೋರಿಸಿದಳು. ಮಣ್ಣು ಮುಟ್ಟಲು ಕೈಗವಸು ಹಾಕಿಕೊಂಡ ಒಬ್ಬ ಹೆಂಗಸು, ಪುಟ್ಟ ಪುಟ್ಟ ಗುಳಿಗಳಲ್ಲಿ ಬೀಜವಿಟ್ಟು, ನೀರು ಚಿಮುಕಿಸಿ, ನಗುತ್ತಾಳೆ. ಮರುಕ್ಷಣ ಸಸಿ. ಮರುಕ್ಷಣ ಹೂವು. ಮತ್ತೆ ನಗು. ಆಕೆಯ ಬೆನ್ನು ನೆಟ್ಟಗಿತ್ತು. ನನಗೆ ಆಗಲೇ ಸಿಟ್ಟು ಬಂದಿತ್ತು.

ಅಕ್ಷತಾ ಚೀಲದಿಂದ ತೆಗೆದದ್ದು ಕೋಳಿ ತತ್ತಿಯ ಟ್ರೇ.

"ಏ ಹುಡುಗೀ!" ಅತ್ತೆ ಬಾಗಿಲಲ್ಲೇ ನಿಂತರು. "ಲಿಂಗವಂತರ ಮನ್ಯಾಗ ಅದೇನ ಹಿಡಕೊಂಡ ಬಂದಿ?"

"ಖಾಲಿ ಐತಲ್ಲ ಆಯಿ, ಬರೇ ರಟ್ಟು. ಮೊಳಕಿ ಬರಾಕ ಚೊಲೋ ಅಂತ."

"ಖಾಲಿ ಆದ್ರ ವಾಸನಿ ಹೋಗಿರ್ತೈತೇನು? ಒಯ್ದು ಹೊರಗ ಒಗೀ. ಇಲ್ಲಾಂದ್ರ ಇವತ್ತ ನಾ ಉಣ್ಣಾಂಗಿಲ್ಲ."

ಟ್ರೇ ಹೊರಗೆ ಹೋಯಿತು. ಬದಲಿಗೆ ನಮ್ಮ ಯಜಮಾನರ ಅಂಗಡಿಯಿಂದ ಚಹಾ ಕುಡಿಯುವ ಪೇಪರ್ ಕಪ್‌ಗಳು ಬಂದವು. ಅವರದು ಬೀಜ-ಗೊಬ್ಬರದ ಅಂಗಡಿ. ಕನ್ನೊಳ್ಳಿಯ ಕಡೆಯ ರೈತರೆಲ್ಲ ತೊಗರಿ, ಜೋಳದ ಬೀಜಕ್ಕೆ ಅಲ್ಲಿಗೇ ಬರುತ್ತಾರೆ. ಬೀಜದ ವಿಷಯ ಎಂದ ಮೇಲೆ ಅವರು ಸುಮ್ಮನಿರುತ್ತಾರೆಯೇ? "ನೀವ ಸರೀರಿ, ಇದು ನಮ್ಮ ಕೆಲಸ" ಎಂದು ಅಂಗಿಯ ತೋಳು ಏರಿಸಿದರು. ಹೊಲದಿಂದ ಒಂದು ಬುಟ್ಟಿ ಎರೆಮಣ್ಣು ತರಿಸಿದರು. ಇಂಥ ಮಣ್ಣು ದೇಶದಲ್ಲೆಲ್ಲೂ ಇಲ್ಲ ಎಂದರು. ಹನ್ನೆರಡು ಕಪ್‌ಗಳಿಗೆ ತುಂಬಿ, ಹೊಲಿಗೆ ಮಷೀನಿನ ಹಲಗೆಯ ಮೇಲೆ ಸಾಲಾಗಿ ಇಟ್ಟು, ತೊಗರಿ ಊರುವ ಹಾಗೆ ಬೆರಳು ಇಳಿಸಿ ಇಳಿಸಿ ಬೀಜ ಹಾಕಿದರು. ಚೆಂಡು ಹೂ, ಜಿನಿಯಾ, ಮತ್ತೆ ಪೆಟೂನಿಯಾ ಅಂತ ಒಂದು. ಆ ಪೆಟೂನಿಯಾ ಬೀಜವೋ, ಕಣ್ಣಿಗೇ ಕಾಣದು. ಅತ್ತೆ ಪೊಟ್ಟಣ ನೋಡಿ, "ಇದೇನ ನಶ್ಯಪುಡಿ ಏನೋ? ಸೀನ್ ಬಂತಂದ್ರ ಬೆಳಿನ ಹೋತು" ಎಂದರು. ಅದನ್ನೂ ನಮ್ಮವರು ಎರಡು ಬೆರಳು ಆಳಕ್ಕೇ ಇಳಿಸಿದರು.

ಹದಿನೈದು ದಿನ ಕಳೆದವು. ದಿನಾ ನೀರು ಬಿದ್ದರೂ ಎರೆಮಣ್ಣು ಗಟ್ಟಿಯಾಗಿ ಇಟ್ಟಂಗಿಯಾಯಿತು. ಬಿರುಕು ಬಿಟ್ಟಿತು. ಕಪ್ಪಿನಿಂದ ತೆಗೆದು ಎಸೆದರೆ ನಾಯಿಗೆ ಪೆಟ್ಟಾಗುವ ಹಾಗಿತ್ತು. ಒಂದೂ ಮೊಳಕೆಯಿಲ್ಲ.

"ಅಂಗಡ್ಯಾಗ ಮಂದಿಗಿ ಬುದ್ಧಿ ಹೇಳ್ತೀರಲ್ರಿ" ಎಂದೆ. "ನಿಮ್ಮ ಬೀಜಾನ ಸರಿ ಇಲ್ಲ."

ಈ ಮಾತನ್ನು ರೈತರಿಂದ ದಿನಾ ಕೇಳುವ ಮನುಷ್ಯ. ಹೆಂಡತಿಯ ಬಾಯಿಂದ ಕೇಳಿದ್ದು ಮೊದಲ ಸಲ. ಮೂರು ದಿನ ಆ ಕಪ್‌ಗಳ ಕಡೆ ತಿರುಗಿ ನೋಡಲಿಲ್ಲ.

ಮುಂದಿನ ಶನಿವಾರ ಅಕ್ಷತಾ ತಾನೇ ಮಾಡಿದಳು. ಉಸುಕು, ಜರಡಿ ಹಿಡಿದ ಹಳೆಯ ತಿಪ್ಪೆಗೊಬ್ಬರ, ಸ್ವಲ್ಪ ಮಣ್ಣು. ಬೀಜದ ಮೇಲೆ ತೆಳ್ಳಗೆ ಹೊದಿಕೆ. ಪೆಟೂನಿಯಾಕ್ಕೆ ಅದೂ ಇಲ್ಲ, ಸುಮ್ಮನೆ ಮೇಲೆ ಉದುರಿಸಿದಳು. ಐದನೇ ದಿನ ಬೆಳಿಗ್ಗೆ ಚೆಂಡು ಹೂವಿನ ಕಪ್ಪಿನಲ್ಲಿ ಹಸಿರು ನೂಲಿನಂಥದ್ದೊಂದು ಬಗ್ಗಿ ನಿಂತಿತ್ತು. ನನಗೆ ಖುಷಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಮಲಗಿದಲ್ಲಿಂದ ಕತ್ತು ವಾಲಿಸಿದರೆ ಏಳು ಸಸಿ ಕಾಣುತ್ತಿದ್ದವು.

ಎರಡನೇ ವಾರ ಒಂದೊಂದಾಗಿ ಸತ್ತವು. ನಿಂತ ಸಸಿ ಬುಡದಲ್ಲೇ ಕರಗಿ ಅಡ್ಡ ಬೀಳುವುದು. ಮಣ್ಣಿನ ಮೇಲೆ ಬೆಳ್ಳಗಿನ ಬೂಷ್ಟು. ಹುಳಿ ವಾಸನೆ. ನಾನು ಎಲ್ಲರನ್ನೂ ಬಯ್ದೆ. ಅಕ್ಷತಾಳ ಗೊಬ್ಬರವನ್ನು ಬಯ್ದೆ. ನಮ್ಮವರ ಬೀಜವನ್ನು ಬಯ್ದೆ. ದಿನಾ ಬಂದು "ಅಯ್ಯ, ಏನ್ ಚೆಂದ ಎದ್ದಾವ!" ಎಂದು ಕಣ್ಣು ಹಾಕುತ್ತಿದ್ದ ಓಣಿಯವರನ್ನು ಬಯ್ದೆ.

ಒಬ್ಬಳನ್ನು ಮಾತ್ರ ಬಯ್ಯಲಿಲ್ಲ.

ಅದನ್ನು ಈಗ ಬರೆಯಬೇಕು. ಹನ್ನೊಂದು ವರ್ಷಕ್ಕೆ ಲಿಂಗದೀಕ್ಷೆಯಾದವಳು ನಾನು. ಹೆರಿಗೆ ಬಿಟ್ಟರೆ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವಳಲ್ಲ. ಮಲಗಿ ಉಣ್ಣಬಹುದು, ಮಲಗಿ ಎಲ್ಲ ಮಾಡಬಹುದು. ಶಿವನನ್ನು ಅಂಗೈಯಲ್ಲಿ ಹಿಡಿದು ಮಲಗಿ ಪೂಜಿಸುವುದು ಹೇಗೆ? ಬೆಳಿಗ್ಗೆ ಅತ್ತೆ ಮೈ ಒರೆಸಿ, ಸ್ಟೂಲಿನ ಮೇಲೆ ನೀರಿನ ತಂಬಿಗೆ, ವಿಭೂತಿ, ಒಂದು ಗುಟುಕು ಹಾಲು, ಹೂವಿನ ಎಸಳು ಇಟ್ಟು ತಮ್ಮ ಜಳಕಕ್ಕೆ ಹೋಗುತ್ತಿದ್ದರು. ಅವರ ಜಳಕ ಬೇಗ ಮುಗಿಯುವಂಥದ್ದಲ್ಲ. ನಮ್ಮವರು ಅಷ್ಟರಲ್ಲಿ ಅಂಗಡಿಗೆ ಹೋಗಿರುತ್ತಿದ್ದರು.

ಆಗ ನಾನು ಎದ್ದು ಕೂಡುತ್ತಿದ್ದೆ.

ದಿನಾ. ಪದ್ಮಾಸನ ಹಾಕಿ. ಬೆಲ್ಟ್ ಕೂಡ ಇಲ್ಲದೆ, ಏಕೆಂದರೆ ಬೆಲ್ಟ್ ಕಟ್ಟಿದರೆ ಲಿಂಗ ಹಿಡಿಯಲು ಕೈ ಸರಿಯಾಗಿ ಬಾರದು. ಹತ್ತು ನಿಮಿಷ. ಶಿವನ ಸಲುವಾಗಿ ಕುಳಿತವಳಿಗೆ ಶಿವ ಕೆಟ್ಟದ್ದು ಮಾಡುತ್ತಾನೆಯೇ ಎಂದು ನನ್ನ ವಾದ. ಮತ್ತೆ ಮಲಗಿದ ಮೇಲೆ ಎಡಗಾಲಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಅಭಿಷೇಕದ ನೀರು ಉಳಿಯುತ್ತಿತ್ತಲ್ಲ, ಬಟ್ಟಲು ತುಂಬ. ಅದನ್ನು ಯಾರೂ ತುಳಿಯಬಾರದು. ನಮ್ಮಲ್ಲಿ ಅದು ಗಿಡದ ಬುಡಕ್ಕೇ ಹೋಗಬೇಕು. ಮೊದಲು ಅಂಗಳದ ಕಣಗಿಲೆ ಗಿಡಕ್ಕೆ ಹಾಕುತ್ತಿದ್ದೆ. ಈಗ ಬಟ್ಟಲು ತುಂಬಿದ್ದನ್ನು ಅತ್ತೆ ನೋಡಿದರೆ, ಮಲಗಿದವಳು ಇಷ್ಟು ಅಭಿಷೇಕ ಹೇಗೆ ಮಾಡಿದಳು ಎಂದು ಕೇಳುತ್ತಾರೆ. ಎದುರಿಗೇ ಹನ್ನೆರಡು ಕಪ್‌ಗಳಿದ್ದವು. ಗಿಡವೇ ತಾನೇ? ಕುಳಿತಲ್ಲಿಂದ ಕೈ ಚಾಚಿ ಹಾಲು, ನೀರು, ವಿಭೂತಿ ಕೂಡಿದ ಪೂಜೆಯ ನೀರನ್ನು ಎಲ್ಲಕ್ಕೂ ಸಮನಾಗಿ ಹಂಚುತ್ತಿದ್ದೆ. ಪುಣ್ಯಕ್ಕೆ ಪುಣ್ಯ, ಗುಟ್ಟಿಗೆ ಗುಟ್ಟು.

ಒಂದು ಭಾನುವಾರ ಅಂಗಡಿ ಮುಚ್ಚಿ ಮಧ್ಯಾಹ್ನವೇ ಮನೆಗೆ ಬಂದ ನಮ್ಮವರು ಕುರ್ಚಿ ಎಳೆದುಕೊಂಡು ಮಷೀನಿನ ಮುಂದೆ ಕುಳಿತರು. ಒಣಗಿದ ತೊಗರಿ ಗಿಡ ಕಿತ್ತುಕೊಂಡು ಅಂಗಡಿಗೆ ಬರುವ ರೈತರನ್ನು ಅವರು ಮೂರು ಪ್ರಶ್ನೆ ಕೇಳುತ್ತಾರೆ. ಅದೇ ಧಾಟಿಯಲ್ಲಿ ನನ್ನನ್ನೂ ಕೇಳಿದರು.

"ಎಷ್ಟ ಆಳಕ್ಕ ಹಾಕಿದ್ರಿ?"

"ಅಕ್ಷತಾನ್ನ ಕೇಳ್ರಿ."

"ಎಷ್ಟ ನೀರ ಬಿಟ್ರಿ?"

"ಅತ್ತಿ ಚಮಚಾದಾಗ ಹಾಕ್ತಾರ."

"ಮತ್ತೇನ ಔಷಧ ಹೊಡದ್ರಿ?"

"ಏನೂ ಇಲ್ರಿ. ಬರೇ ನೀರು."

"ಎಲ್ಲಾರೂ ಹಿಂಗ ಅಂತಾರ" ಎಂದು ನಕ್ಕು, ಒಂದು ಕಪ್ಪನ್ನು ಹರಿದರು. ಮಣ್ಣಿನ ಮೇಲೆ ಬಿಳಿಯ ಹಕ್ಕಳೆ ಕಟ್ಟಿತ್ತು. ಬೆರಳಲ್ಲಿ ತಿಕ್ಕಿದರು. ಮೂಸಿ ನೋಡಿದರು. ಬೆರಳಿಗೆ ಬೆಳ್ಳಗೆ ಹತ್ತಿತು. ಆ ಬೆರಳನ್ನು ನೋಡಿದರು, ನನ್ನ ಹಣೆಯನ್ನು ನೋಡಿದರು. ಎರಡೂ ಕಡೆ ಒಂದೇ ವಿಭೂತಿ.

ನಗು ನಿಂತಿತು. ಎದ್ದು, ಮಂಚದ ಅಂಚಿನಿಂದ ಮಷೀನಿನ ಹಲಗೆಗೆ ಗೇಣು ಹಾಕಿ ಅಳೆದರು. ಒಂದು ಗೇಣು. ಒಂದೂವರೆ ಗೇಣು.

"ಶಾಂತಾ, ಇದು ನಿನ್ನ ಮಂಚಕ್ಕಿಂತ ಇಷ್ಟ ಎತ್ತರ ಐತಿ. ಮಲಗಿದಾಕಿ ಕೈ ಆ ಕಡೀ ಕಪ್ಪಿನತನಕ ಹೆಂಗ ಮುಟ್ಟಿತು?"

ನಾನು ಜಂತಿ ನೋಡಿದೆ.

"ಎಷ್ಟ ದಿನಾ ಆತು ಕೂಡಾಕತ್ತಿ?"

"ಮೊದ್ಲಿಂದ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಒಂದಕ್ಕೆ ಎರಡು ಮಾತಾಡಿ ಹಗುರಾಗುತ್ತಿದ್ದೆ. ನನ್ನ ಎಡಗಾಲಿನ ಹತ್ತಿರ ಬಂದು, ಡಾಕ್ಟರ್ ಮಾಡಿದಂತೆ ಅಂಗಾಲಿಗೆ ಅಂಗೈ ಇಟ್ಟು "ನೂಕು" ಎಂದರು. ನೂಕಿದೆ. ನೂಕುತ್ತಿದ್ದೇನೆ ಎಂದುಕೊಂಡೆ. ಅವರ ಕೈ ಅಲ್ಲಾಡಲಿಲ್ಲ.

ಮರುದಿನ ಮತ್ತೆ ಅದೇ ರಸ್ತೆ, ಅದೇ ಹಂಪ್‌ಗಳು. ಡಾಕ್ಟರ್ ಎಡಗಾಲಿಗೆ ಮೂರು ಬರೆದರು. ನಾನೇ ಎಲ್ಲ ಒಪ್ಪಿಕೊಂಡೆ. ಅವರು ಪೆನ್ನು ಕೆಳಗಿಟ್ಟರು.

"ದೇವರ ಪೂಜಾ ಬ್ಯಾಡ ಅಂತ ನಾ ಹೇಳಾಂಗಿಲ್ರಿ. ಆದ್ರ ನಾ ರಾಡ್ ಹಾಕಬೇಕಾದ್ರ ಆ ಹತ್ತ ನಿಮಿಷದ ಸಲುವಾಗಿ ಹಾಕ್ತೇನಿ, ಅದನ್ನ ತಿಳಕೋರಿ. ಎರಡ ವಾರ ನೋಡ್ತೇನಿ. ದಿನಾ ಎರಡ ಸಲ ಕಾಲ ಪರೀಕ್ಷಾ ಮಾಡ್ರಿ. ಇನ್ನೊಂದ ಚೂರ ಕಡಿಮಿ ಆತಂದ್ರ ಅವತ್ತ ಕರಕೊಂಡ ಬರ್ರಿ, ಆಪರೇಷನ್."

ಎರಡು ವಾರ.

ಮನೆಗೆ ಬಂದ ದಿನ ನಾನು ಅನ್ನ ಮುಟ್ಟಲಿಲ್ಲ. ಪೂಜೆಯಿಲ್ಲದೆ ಉಣ್ಣುವುದಿಲ್ಲ, ಕುಳಿತು ಪೂಜೆ ಮಾಡುವಂತಿಲ್ಲ, ಮಲಗಿ ಮಾಡಲು ಮನಸ್ಸು ಒಪ್ಪದು. ಅತ್ತೆ ತಟ್ಟೆ ಹಿಡಿದು ಬಂದು ನಿಂತರು. ಎಪ್ಪತ್ತೆಂಟರ ಮುದುಕಿ, ಎರಡೂ ಮೊಣಕಾಲು ಹಿಡಿದಿವೆ.

"ಉಣ್ಣು."

"ಪೂಜಿ ಆಗಿಲ್ರಿ."

"ಮಾಡು ಮತ್ತ."

"ಮಲಗಿ ಹೆಂಗ ಮಾಡ್ಲಿ ಅತ್ತಿ? ಶಿವ ಏನಂದಾನು?"

ಅತ್ತೆ ತಟ್ಟೆ ಕೆಳಗಿಟ್ಟರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ನಿನ್ನ ಲಿಂಗ ಎಲ್ಲೈತಿ?"

"ಕೊಳ್ಳಾಗ. ಎದಿ ಮ್ಯಾಲ."

"ನೀ ಮಲಗಿದ್ರ ಅವನೂ ನಿನ್ನ ಎದಿ ಮ್ಯಾಲ ಮಲಗ್ಯಾನ. ಅಂವಗ ಸಿಟ್ಟಿಲ್ಲ, ನಿನಗ್ಯಾಕ? ಎದ್ದು ಕುಂತು ಅವನ ನಿದ್ದಿ ಕೆಡಸೂದು, ಮತ್ತ ಮ್ಯಾಲ ಭಕ್ತಿ ಅಂತ ಹೆಸರ."

ಇಪ್ಪತ್ತಮೂರು ವರ್ಷ ನನ್ನ ಉಪ್ಪು, ಖಾರ, ರೊಟ್ಟಿಯ ಅಂಚು ಎಲ್ಲದರಲ್ಲೂ ತಪ್ಪು ಹುಡುಕಿದ ಬಾಯಿ ಅದು. ಅಂದು ಅದರ ಮಾತು ಕೇಳಿ, ಎದೆಯ ಮೇಲಿನ ಲಿಂಗಕ್ಕೆ ಮಲಗಿದಲ್ಲೇ ಕೈ ಮುಗಿದು ಉಂಡೆ.

ಮಾರನೆಯ ದಿನದಿಂದ ಅತ್ತೆ ತಮ್ಮ ಪೂಜೆಯನ್ನೂ ನನ್ನ ಕೋಣೆಗೇ ತಂದರು. ಅವರು ಕುರ್ಚಿಯ ಮೇಲೆ, ನಾನು ಮಂಚದ ಮೇಲೆ ಅಂಗಾತ. ಎದೆಯ ಮೇಲೆ ಅಂಗೈ, ಅಂಗೈಯಲ್ಲಿ ಲಿಂಗ. ಅಭಿಷೇಕವೆಂದರೆ ಒದ್ದೆ ಮಾಡಿದ ಎಸಳೊಂದನ್ನು ಮುಟ್ಟಿಸುವುದು, ಅಷ್ಟೇ. ಇಬ್ಬರ ನೀರೂ ಒಂದೇ ಬಟ್ಟಲಿಗೆ. ಮೂರನೇ ದಿನವೋ ನಾಲ್ಕನೇ ದಿನವೋ ನೋಡಿದೆ: ಅತ್ತೆ ಅದೇ ಬಟ್ಟಲಿನಿಂದ ಮೂರು ಸಲ ಅಂಗೈಗೆ ನೀರು ಹಾಕಿಕೊಂಡು ಪಾದೋದಕವೆಂದು ಕುಡಿದರು. ನನ್ನ ಬೇರೆ ಲೋಟ ಯಾವಾಗ ಅಡುಗೆಮನೆಯ ಲೋಟಗಳ ಜೊತೆ ಸೇರಿತೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಉಳಿದ ನೀರನ್ನು ಕಣಗಿಲೆಗೆ ಹಾಕಲು ಹೋಗುವಾಗ ಮಾತ್ರ ದಿನಾ ಗೊಣಗು: "ಸೊಸಿ ಮಲಗಿ ಸ್ವರ್ಗಕ್ಕ ಹೊಂಟಾಳ, ನಾ ನೀರ ಹೊತ್ತು ಸಾಯಾಕತ್ತೇನಿ."

ನಮ್ಮವರು ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನ, ಸಂಜೆ ಚಪ್ಪಲಿ ಬಿಟ್ಟ ಕೂಡಲೇ, ನನ್ನ ಅಂಗಾಲಿಗೆ ಕೈ ಒತ್ತುತ್ತಿದ್ದರು. "ನೂಕು." ನೂಕುತ್ತಿದ್ದೆ. ಏನೂ ಹೇಳದೆ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತಿದ್ದರು. ಆ ಗೀಟಿನ ಅರ್ಥ ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ, "ಇದ್ದಷ್ಟ ಐತಿ" ಎನ್ನುತ್ತಿದ್ದರು. ಇದ್ದಷ್ಟು ಇದೆ ಎನ್ನುವುದೇ ಒಂದು ದಿನದ ಊಟ ನಮಗೆ.

ಒಂಬತ್ತನೇ ದಿನ ಬೆಳಿಗ್ಗೆ ನೂಕಿದಾಗ ಅವರ ಕೈ ಸ್ವಲ್ಪ ಹಿಂದೆ ಹೋಯಿತು.

"ತಡಿ. ಮತ್ತೊಮ್ಮಿ."

ಮತ್ತೊಮ್ಮೆ ಹೋಯಿತು. ಅವರು ಥಟ್ಟನೆ ಕಿಟಕಿಯ ಕಡೆ ತಿರುಗಿ ನಿಂತು, ಖಾಲಿ ಕಪ್‌ಗಳನ್ನು ಒಂದರೊಳಗೊಂದು ಸೇರಿಸತೊಡಗಿದರು. "ಇವನ್ನ ಯಾಕ ಹಿಂಗ ಇಟ್ಟೀರಿ? ಸುಮ್ನ ಧೂ‍ಳ" ಎಂದರು. ಕ್ಯಾಲೆಂಡರಿಗೆ ಗೀಟು ಹಾಕುವುದನ್ನೇ ಮರೆತು ಅಂಗಡಿಗೆ ಹೋದರು.

ಎರಡು ವಾರ ಮುಗಿದಾಗ ಡಾಕ್ಟರ್ ನಾಲ್ಕು ಬರೆದರು. "ಸದ್ಯಕ್ಕ ಆಪರೇಷನ್ ಬ್ಯಾಡ" ಎಂದರು. ಸದ್ಯಕ್ಕೆ ಎಂಬ ಆ ಮಾತನ್ನು ನಾನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ. ಬೆಡ್ ರೆಸ್ಟ್ ಇನ್ನೂ ಎರಡು ತಿಂಗಳು ಬೆಳೆಯಿತು. ಆ ಹತ್ತು ಹತ್ತು ನಿಮಿಷಗಳ ಬಡ್ಡಿ.

ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಬಂದ ಅಕ್ಷತಾ ಮೂರನೇ ಸಲ ಬೀಜ ಹಾಕಿದಳು. "ಇದು ಕಡೀದು ಅವ್ವಾ. ಇದೂ ಹೋತಂದ್ರ ಪ್ಲಾಸ್ಟಿಕ್ ಹೂವ ತಂದ ಇಡ್ತೇನಿ." ಈ ಸಲ ಬರೀ ನೀರು. ಕಪ್ಪಿನ ತಳಕ್ಕೆ ದಬ್ಬಣದಿಂದ ತೂತು. ಪೆಟೂನಿಯಾ ಎದ್ದೇ ಬರಲಿಲ್ಲ; ಅದು ನಮ್ಮ ಊರಿನದಲ್ಲ, ಬಿಟ್ಟೆ. ಜಿನಿಯಾದ ಕಪ್ಪಿನ ಮೇಲೆ ಬೆಕ್ಕು ಮಲಗಿತು. ಚೆಂಡು ಹೂ ಐದು ಎದ್ದವು. ಕಿಟಕಿಯ ಬೆಳಕು ಸಾಲದೆ ಬಳುಕಿ ಬಳುಕಿ ಉದ್ದವಾಗಿ, ಒಂದೊಂದೂ ಕಸಬರಿಗೆಯ ಕಡ್ಡಿಗೆ ದಾರ ಕಟ್ಟಿಸಿಕೊಂಡು ನಿಂತವು. ನನಗೂ ಬೆಲ್ಟು, ಅವಕ್ಕೂ ಬೆಲ್ಟು. ಎರಡು ಹಾಗೇ ಒಣಗಿದವು. ಒಂದನ್ನು ಅತ್ತೆ ಕಳೆಯೆಂದು ಕಿತ್ತರು. ಉಳಿದವು ಎರಡು.

ಯುಗಾದಿಗೆ ನಾಲ್ಕು ದಿನ ಮುಂಚೆ ಒಂದರಲ್ಲಿ ಹೂವು ಅರಳಿತು. ಅಂಗಿಯ ಗುಂಡಿಯಷ್ಟು. ಪೊಟ್ಟಣದ ಮೇಲಿನ ಚಿತ್ರದಲ್ಲಿ ಅದು ಮುಷ್ಟಿಯಷ್ಟಿತ್ತು.

ಗಿಡ ಬೆಳೆದ ಹಾಗೆ ರೋಗಿಯೂ ಚೇತರಿಸಿಕೊಂಡಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಅರಳಿದ ದಿನ ನನ್ನ ಕಾಲಿಗೇನೂ ಆಗಲಿಲ್ಲ. ಆ ಹೊತ್ತಿಗೆ ವಾಕರ್ ಹಿಡಿದು ನಿಲ್ಲತೊಡಗಿ ಮೂರು ವಾರವಾಗಿತ್ತು. ಮುಂದಕ್ಕೆ ಹೆಜ್ಜೆ ಬರುತ್ತಿತ್ತು, ಎಡಗಾಲು ನೆಲ ಎಳೆದುಕೊಂಡು. ಪಕ್ಕಕ್ಕೆ ಮಾತ್ರ ಬಾರದು. ಫಿಜಿಯೋಥೆರಪಿಗೆ ಬರುವ ಹುಡುಗಿ "ಅಕ್ಕಾರ, ಬಾಜೂಕ ಇಡ್ರಿ, ಬಾಜೂಕ" ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಕಾಲಿಗೆ ನಾನು ಹೇಳುತ್ತಿದ್ದೆ; ಅದು ಕೇಳಿಸಿಕೊಂಡೂ ಸುಮ್ಮನಿರುತ್ತಿತ್ತು, ಈ ಮನೆಯವರೆಲ್ಲರ ಹಾಗೆ.

"ಪಕ್ಕಕ್ಕ ಕಾಲ ಎತ್ತಾಕ ಬಂದ ದಿನಾನ ಹೊಸ್ತಲ ದಾಟೂದು" ಎಂದು ಆಕೆ ಕಟ್ಟು ಹಾಕಿದ್ದಳು. ಅಂಗಳ ಕಾಣುತ್ತಿತ್ತು. ಐದು ತಿಂಗಳಿನಿಂದ ಬರೀ ಕಾಣುತ್ತಿತ್ತು.

ಮೊನ್ನೆ ಬೆಳಿಗ್ಗೆ ಪೂಜೆ ಮುಗಿಯಿತು. ಈಗ ಕುರ್ಚಿಯ ಮೇಲೆ ಕುಳಿತು ಮಾಡುತ್ತೇನೆ, ಬೆಲ್ಟ್ ಕಟ್ಟಿಕೊಂಡು, ಡಾಕ್ಟರರ ಅಪ್ಪಣೆ ಪಡೆದು. ಆ ಗುಂಡಿಯಷ್ಟು ಹೂವನ್ನು ಅತ್ತೆಯೇ ಚಿವುಟಿ ತಂದು ಎಸಳುಗಳನ್ನು ಅರ್ಧ ನನಗೆ, ಅರ್ಧ ತಮಗೆ ಹಂಚಿದ್ದರು. "ಇಷ್ಟ ಹೂವಿಗಿ ನಾಕ ತಿಂಗಳ ದಂಗಲಾ ಮಾಡೀರಿ" ಎಂದು ಬಟ್ಟಲು ಎತ್ತಿಕೊಂಡು ಹೊರಟರು. ನಾನು ಹಿಂದೆಯೇ, ವಾಕರ್ ಹಿಡಿದು, ನಡುಮನೆಯವರೆಗೆ. ನನಗೇ ಒಯ್ಯುವ ಆಸೆ. ಆದರೆ ವಾಕರ್ ಹಿಡಿಯಲು ಎರಡೂ ಕೈ ಬೇಕು.

ಅತ್ತೆಯ ಕಾಲು ಎಡವಿತು. ಬಟ್ಟಲು ತುಳುಕಿತು. ನನ್ನ ಮುಂದೆಯೇ ನೆಲದ ಮೇಲೆ ಪೂಜೆಯ ನೀರು, ಅದರಲ್ಲಿ ಕೇಸರಿ ಎಸಳು ಎರಡು.

"ಅಯ್ಯ ಶಿವನೇ! ತುಳದೀ, ಹುಷಾರ!" ಅತ್ತೆ ಕೂಗಿದರು.

ತುಳಿಯಲಿಲ್ಲ. ವಾಕರ್ ಪಕ್ಕಕ್ಕೆ ಸರಿಯಿತು, ಅದರ ಜೊತೆ ಎಡಗಾಲು ನೆಲ ಬಿಟ್ಟು ಎದ್ದು, ನೀರು ದಾಟಿ, ಒಣ ನೆಲದ ಮೇಲೆ ಹೋಗಿ ನಿಂತಿತು. ನಾನು ಹೇಳಿರಲಿಲ್ಲ. ಕೇಳಿಯೂ ಇರಲಿಲ್ಲ.

ಇಬ್ಬರೂ ಆ ಕಾಲನ್ನು ನೋಡಿದೆವು.

"ಏನ್ ನೋಡ್ಕೋಂತ ನಿಂತಿ?" ಅತ್ತೆ ಮೊದಲು ಸುಧಾರಿಸಿಕೊಂಡರು. ಸೆರಗಿನಿಂದ ನೆಲ ಒರೆಸಿ, ಸೆರಗನ್ನು ಕಣ್ಣಿಗೆ ಒತ್ತಿಕೊಂಡರು, ಪೂಜೆಯ ನೀರಲ್ಲವೇ. "ಬಟ್ಟಲದಾಗ ಇನ್ನೂ ಅರ್ಧ ಐತಿ. ಬಾ, ಹೊಸ್ತಲ ಎತ್ತರ ಐತಿ, ನೋಡಿ ಇಡು."